ಚೆಂಡು ಮುಟ್ಟದವರ ಲೆಕ್ಕ

ಅಮೆರಿಕದ ಕಂಪನಿಗಳಿಗೆ ಕೋಡ್ ಬರೆಯುವ ನಮ್ಮಂಥವರ ಸೋಮವಾರದ ಕಾಲ್ ಶುರುವಾಗುವುದೇ ಫುಟ್‌ಬಾಲ್ ಮಾತಿನಿಂದ. ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಆಟ. ಪುಣೆಗೆ ಬಂದ ಹೊಸದರಲ್ಲಿ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ. ಆಮೇಲೆ ಅದರೊಳಗಿನ ಒಂದು ಸ್ಥಾನ ನನ್ನ ಕುತೂಹಲ ಕೆರಳಿಸಿತು: ಟೈಟ್ ಎಂಡ್.

ಹನ್ನೊಂದು ಜನರಲ್ಲಿ ಈತ ಮುಂಚೂಣಿ ಸಾಲಿನ ತುದಿಯಲ್ಲಿ ನಿಲ್ಲುತ್ತಾನೆ. ಕೆಲಸ ಎರಡು. ತಂಡದವನು ಚೆಂಡು ಹಿಡಿದು ಓಡುವಾಗ ಮೈಯೊಡ್ಡಿ ಎದುರಾಳಿಯನ್ನು ತಡೆಯಬೇಕು. ಮತ್ತೊಮ್ಮೆ ತಾನೇ ಓಡಿ ಪಾಸ್ ಹಿಡಿಯಬೇಕು. ನಮ್ಮ ವಿಕೆಟ್‌ಕೀಪರ್-ಬ್ಯಾಟ್ಸ್‌ಮನ್ ಇದ್ದ ಹಾಗೆ. ಹಿಡಿದ ಪಾಸು, ಗಳಿಸಿದ ಗಜ ಎಲ್ಲವೂ ಅಂಕಿಅಂಶದ ಪಟ್ಟಿಗೆ ಸೇರುತ್ತವೆ. ತಡೆದದ್ದಕ್ಕೆ ಅಲ್ಲಿ ಕಾಲಂ ಇಲ್ಲ.

ಜಾರ್ಜ್ ಕಿಟಲ್ ಅಯೋವಾ ವಿಶ್ವವಿದ್ಯಾಲಯಕ್ಕೆ ಆಡಿದವರು. ಅವರ ತಂದೆಯೂ ಅಲ್ಲೇ ಆಡಿದ್ದರು. ಕೋಚ್ ಕರ್ಕ್ ಫೆರೆಂಟ್ಸ್ ಅವರ ಆ ತಂಡದಲ್ಲಿ ಟೈಟ್ ಎಂಡ್ ಆಗುವವನು ತಡೆಯುವ ಕೆಲಸವನ್ನು ಚೆನ್ನಾಗಿ ಕಲಿತಿರಲೇಬೇಕು. 2013 ಮತ್ತು 2014ರ ಎರಡು ಸೀಸನ್‌ಗಳಲ್ಲಿ ಕಿಟಲ್ ಹಿಡಿದ ಪಾಸುಗಳು ಬರೀ ಆರು. 2016ರ ಸೀಸನ್‌ಗೆ ಕಾಲೇಜು ಆಟ ಮುಗಿದಾಗ ಒಟ್ಟು 48 ಪಾಸು, 737 ಗಜ.

ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಗೆ ಡ್ರಾಫ್ಟ್ ಎನ್ನುತ್ತಾರೆ. 2017ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಮೂವರು ಟೈಟ್ ಎಂಡ್‌ಗಳು ಆಯ್ಕೆಯಾದರು. 40 ಗಜವನ್ನು 4.52 ಸೆಕೆಂಡಿನಲ್ಲಿ ಓಡಿ ತೋರಿಸಿದ್ದ ಕಿಟಲ್ ಅವರ ಸರದಿ ಬಂದದ್ದು ಐದನೇ ಸುತ್ತಿನಲ್ಲಿ, 146ನೆಯವರಾಗಿ. ಮರುವರ್ಷ, 2018ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಪರ ಅವರು ಗಳಿಸಿದ್ದು 1,377 ಗಜ. ಒಂದೇ ಸೀಸನ್‌ನಲ್ಲಿ ಅಷ್ಟನ್ನು ಅಲ್ಲಿಯವರೆಗೆ ಯಾವ ಟೈಟ್ ಎಂಡ್ ಕೂಡ ಗಳಿಸಿರಲಿಲ್ಲ. ಕಾಲೇಜಿನ ಇಡೀ ಲೆಕ್ಕದ ಹೆಚ್ಚುಕಡಿಮೆ ದುಪ್ಪಟ್ಟು! ಹೆಸರು ಬಂದ ಮೇಲೂ ತಡೆಯುವ ಕೆಲಸವನ್ನು ಅವರು ಕೈಬಿಡಲಿಲ್ಲ.

'ದುಡಿಯುತ್ತಿರಿ, ಒಂದು ದಿನ ಫಲ ಸಿಕ್ಕೇ ಸಿಗುತ್ತದೆ' ಎನ್ನಲು ಇದನ್ನು ಬರೆಯುತ್ತಿಲ್ಲ. ಎಲ್ಲರಿಗೂ ಸಿಗುವುದಿಲ್ಲ. ಕಿಟಲ್ ಅವರಿಗಿಂತ ಮೊದಲು 145 ಹೆಸರುಗಳನ್ನು ಕೂಗಲಾಗಿತ್ತು ಎಂಬುದೇ ನನಗೆ ಮುಖ್ಯ. ನಮ್ಮ ತಂಡಗಳಲ್ಲೂ ರಾತ್ರಿ ಎರಡಕ್ಕೆ ಎದ್ದು ಸರ್ವರ್ ಸರಿಮಾಡುವವರು, ಹೊಸಬರ ಕೋಡ್ ತಿದ್ದಿಕೊಡುವವರು ಇದ್ದಾರೆ. ಅಪ್ರೈಸಲ್ ಫಾರ್ಮಿನಲ್ಲಿ ಅದಕ್ಕೂ ಕಾಲಂ ಇರುವುದಿಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಹಲವರು ಮೊದಲ ವರ್ಷಗಳಲ್ಲಿ ಮಾಡಿದ್ದು ಅದೇ ಕೆಲಸ. ಇವತ್ತು ಬೇರೆಯವರ ರೇಟಿಂಗ್ ಬರೆಯುವ ಕುರ್ಚಿಯಲ್ಲಿ ನಾವಿದ್ದರೆ, ತಡೆದು ನಿಂತವರ ಹೆಸರನ್ನು ಷರಾ ಜಾಗದಲ್ಲಾದರೂ ಬರೆಯೋಣ.