ಎರಡನೆಯ ಭಾಗವೇ ಮೊದಲು ಕೈಗೆ ಸಿಕ್ಕರೆ?

ಸಕಲೇಶಪುರ: ಮಲೆನಾಡಿನಲ್ಲಿ ಮಳೆಗಾಲವೆಂದರೆ ಓದಿನ ಕಾಲವೂ ಹೌದು. ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ಮುಂಗಾರು ಬಿಡದೆ ಸುರಿಯುವ ದಿನಗಳಲ್ಲಿ ತೋಟದ ಕೆಲಸ ನಿಲ್ಲುತ್ತದೆ, ಕೆಲವೊಮ್ಮೆ ದಾರಿಯೂ ಮುಚ್ಚುತ್ತದೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯಲ್ಲೂ ರೈಲು ಮಾರ್ಗದಲ್ಲೂ ಭೂಕುಸಿತ ಸಂಭವಿಸಿತ್ತು. ಇಂತಹ ದಿನಗಳಲ್ಲಿ ಪೇಟೆಯ ಪುಸ್ತಕದ ಅಂಗಡಿ ದೂರ; ಮನೆಯ ಕಪಾಟಿನಲ್ಲಿ, ಹತ್ತಿರದ ಗ್ರಂಥಾಲಯದಲ್ಲಿ ಸಿಕ್ಕಿದ್ದೇ ಪುಸ್ತಕ. ಸಿಕ್ಕಿದ್ದು ಮಾಲಿಕೆಯೊಂದರ ಎರಡನೆಯ ಭಾಗವಾದರೆ ಓದಬೇಕೇ, ಮೊದಲನೆಯದಕ್ಕೆ ಕಾಯಬೇಕೇ? ಉತ್ತರ ಕಥೆಯ ಜಾತಿಯನ್ನು ಅವಲಂಬಿಸಿದೆ.

ಪತ್ತೇದಾರಿ: ಅಡ್ಡಿಯಿಲ್ಲ

ಪತ್ತೇದಾರಿ ಮಾಲಿಕೆಯಲ್ಲಿ ಪ್ರತಿ ಪುಸ್ತಕಕ್ಕೂ ಬೇರೆ ಪ್ರಕರಣ. ವೈದ್ಯರಾಗಿದ್ದ ಆರ್ಥರ್ ಕಾನನ್ ಡಾಯ್ಲ್ ಅವರ ಷರ್ಲಾಕ್ ಹೋಮ್ಸ್ 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ ಮೊದಲು ಕಾಣಿಸಿಕೊಂಡ. 1890ರ ‘ದಿ ಸೈನ್ ಆಫ್ ಫೋರ್’ ಎರಡನೆಯದು. ಅದನ್ನೇ ಮೊದಲು ಓದಿದರೂ ರಹಸ್ಯ ಕೆಡುವುದಿಲ್ಲ. ಡಾ. ವಾಟ್ಸನ್ ತನ್ನ ಭಾವಿ ಪತ್ನಿಯನ್ನು ಕಾಣುವುದೂ ಇದರಲ್ಲಿಯೇ. ಮೊದಲ ಕಾದಂಬರಿಯಲ್ಲಿ ಭುಜಕ್ಕೆ ಬಿದ್ದಿದ್ದ ವಾಟ್ಸನ್‌ನ ಗುಂಡೇಟು ಎರಡನೆಯದರಲ್ಲಿ ಕಾಲಿಗೆ ಇಳಿದಿದೆ. ಕ್ರಮವಾಗಿ ಓದಿದವರಿಗೆ ಮಾತ್ರ ದಕ್ಕುವ ತಮಾಷೆಯಿದು.

ರೋಗದ ರಹಸ್ಯ: ಎಚ್ಚರ ಬೇಕು

ಕಾಯಿಲೆಯೇ ರಹಸ್ಯವಾದಾಗ ಲೆಕ್ಕ ಬದಲಾಗುತ್ತದೆ. ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ ‘ತುಳಸಿದಳ’ ಅನುವಾದದ ಮೂಲಕ ಕನ್ನಡದ ಮನೆಮನೆಗೂ ತಲುಪಿದ ಕಾದಂಬರಿ. 1985ರಲ್ಲಿ ಕನ್ನಡದಲ್ಲಿ ಚಲನಚಿತ್ರವೂ ಆಯಿತು. ಪುಟ್ಟ ಬಾಲಕಿಯ ವಿಚಿತ್ರ ಕಾಯಿಲೆಗೆ ಕಾರಣ ಮಾಟವೋ, ವೈದ್ಯಶಾಸ್ತ್ರ ವಿವರಿಸಬಲ್ಲ ಸಂಗತಿಯೋ ಎಂಬ ತೂಗುಯ್ಯಾಲೆಯೇ ಅದರ ಜೀವಾಳ. ಮುಂದಿನ ಭಾಗದ ಹೆಸರು ‘ತುಳಸಿ’. ಅದನ್ನು ಮೊದಲು ತೆರೆದವರಿಗೆ ಮಗು ಉಳಿಯಿತೇ ಎಂಬ ಆತಂಕವೇ ಉಳಿಯದು. ಒಮ್ಮೆ ಕಳೆದುಕೊಂಡ ಆ ಕುತೂಹಲವನ್ನು ಮರಳಿ ಪಡೆಯುವ ದಾರಿಯಿಲ್ಲ.

ಪ್ರೇಮಕಥೆ: ಕಾಯುವುದೇ ಲೇಸು

ಪ್ರೇಮಕಥೆಯಲ್ಲಿ ಘಟನೆಗಿಂತ ಮನಸ್ಸು ಮಾಗುವ ಬಗೆ ಮುಖ್ಯ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಸೇರಿಸಿಯೇ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರ ರೂಪಿಸಿದರು. ಚಿತ್ರ ನೋಡಿದವರಿಗೆ ಕಥೆ ಗೊತ್ತು. ಆದರೆ ರಾಮಾಚಾರಿಯ ಹಠದ ಬೇರನ್ನು ಮೊದಲ ಪುಸ್ತಕದಲ್ಲಿ ಕಾಣದೆ ನೇರವಾಗಿ ಎರಡನೆಯದಕ್ಕೆ ಹೋದರೆ, ಆತನ ಪ್ರೀತಿ ಬರೀ ಹುಚ್ಚಾಟವಾಗಿ ಕಂಡೀತು.

ಮುಂದಿನ ಭಾಗ ಇರಲೇಬೇಕೆಂದೂ ಇಲ್ಲ. ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ, ಏಲಕ್ಕಿ ಬೆಳೆಯ ಅವನತಿಯ ತನಿಖೆಯಿಂದ ಆರಂಭವಾಗುವ ‘ಚಿದಂಬರ ರಹಸ್ಯ’ಕ್ಕೆ (1985) ಎರಡನೆಯ ಭಾಗ ಬರೆಯಲಿಲ್ಲ. ಆದರೆ ‘ಕರ್ವಾಲೊ’ (1980) ಓದಿದವರಿಗೆ ಪ್ಯಾರ, ಕಿವಿ ಮತ್ತೆ ‘ಪರಿಸರದ ಕತೆ’ಯಲ್ಲಿ (1991) ಎದುರಾಗುತ್ತಾರೆ. ಇಲ್ಲಿ ಯಾವುದು ಮೊದಲಾದರೂ ನಷ್ಟವಿಲ್ಲ.

ಓದುಗರು ಮಾಡಬಹುದಾದ್ದು ಇಷ್ಟೆ: ಬೆನ್ನುಪುಟದ ಸಾರಾಂಶ ಓದುವ ಮುನ್ನ ಪುಸ್ತಕ ಎಷ್ಟನೆಯ ಭಾಗವೆಂದು ಮುನ್ನುಡಿಯಲ್ಲಿ ನೋಡಿಕೊಳ್ಳುವುದು, ಮೊದಲ ಭಾಗ ಎಲ್ಲಿದೆಯೆಂದು ಗ್ರಂಥಪಾಲಕರನ್ನು ವಿಚಾರಿಸುವುದು. ಗ್ರಂಥಾಲಯಗಳೂ ಇಂತಹ ಕೃತಿಗಳನ್ನು ಜೊತೆಯಾಗಿ ಕೊಂಡು ಜೊತೆಯಾಗಿಯೇ ಇಡುವುದು ಒಳಿತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ತೆರುವ ನಾಗರಿಕರು ಇದನ್ನು ಕೇಳಿದರೆ ತಪ್ಪೇನಿಲ್ಲ.