ಗೊಂಬೆಗೆ ಕಾಮಾಲೆ ಬಂದಾಗ!

"ಮಾಮ, ಇವಳಿಗೆ ಕಾಮಾಲೆ ಬಂದಿದ್ಯಾ?"

ಸಂಡೇ ಬಜಾರ್‌ನಲ್ಲಿ ತಂದ ಹಳೇ ಬಾರ್ಬಿಯ ಹಳದಿ ಕಾಲು ನೋಡಿ ಅಕ್ಕನ ಮಗಳು ಕೇಳಿದ್ಲು. ಸೋಪು ಹಾಕಿ ಉಜ್ಜಿದೆ. ಊಹೂಂ, ಜಗ್ಗಲಿಲ್ಲ.

ಯಾಕಂದ್ರೆ ಅದು ಕೊಳೆಯಲ್ಲ. ವರ್ಷಗಟ್ಟಲೆ ಬೆಳಕು, ಗಾಳಿ ತಾಗಿ ಪ್ಲಾಸ್ಟಿಕ್ಕೇ ಬಣ್ಣ ಬದಲಿಸಿರುತ್ತೆ. ಮದ್ದು ಮೆಡಿಕಲ್ ಶಾಪ್‌ನಲ್ಲಿದೆ: ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್.

ಗೊಂಬೆಯನ್ನು ತೊಳೆದು ಒಣಗಿಸಿ. ಗ್ಲೌಸ್ ಹಾಕಿಕೊಂಡು ಹಳದಿ ಇರುವಲ್ಲಿ ಮಾತ್ರ ಜೆಲ್ ಹಚ್ಚಿ. ಒಣಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡಿ. ಕಣ್ಣು, ತುಟಿಯ ಪೇಂಟ್, ಕೂದಲು, ನಿಮ್ಮ ಬಟ್ಟೆ ಹುಷಾರು. ತಾಗಿದ್ರೆ ಬಣ್ಣ ಹೋಗಬಹುದು. ಗಂಟೆಗೊಮ್ಮೆ ಒರೆಸಿ ನೋಡಿ. ಒಂದೇ ದಿನಕ್ಕೆ ಮುಗೀಬೇಕು ಅಂತೇನಿಲ್ಲ.

ನಾನು ಎಡವಿದ್ದು ಇಲ್ಲೇ. ಆಫೀಸ್ ಕಾಲ್‌ನಲ್ಲಿ ಮುಳುಗಿ ಸಂಜೆವರೆಗೂ ಮರೆತೆ. ಹಳದಿ ಹೋಯ್ತು, ಜೊತೆಗೆ ಮಂಡಿಯ ಅಸಲಿ ಬಣ್ಣವೂ! ಅದಕ್ಕೆ ಅನ್‌ಡೂ ಬಟನ್ ಇಲ್ಲ. ಹಾಗಾಗಿ ಸ್ವಲ್ಪ ಹಳದಿ ಉಳಿದಿರುವಾಗಲೇ ನಿಲ್ಲಿಸಿ. ಸೋಪಿನಲ್ಲಿ ಚೆನ್ನಾಗಿ ತೊಳೆದೇ ಮಕ್ಕಳ ಕೈಗೆ ಕೊಡಿ. ಆಮೇಲೆ ಬಿಸಿಲು ಬೀಳುವ ಕಿಟಕಿಯಲ್ಲಿಟ್ರೆ ಹಳದಿ ಮತ್ತೆ ಹಾಜರ್.

ಆ ಬಿಳಿ ಮಂಡಿಗೆ ಈಗ ಬ್ಯಾಂಡೇಜ್ ಬಿದ್ದಿದೆ. "ಸೈಕಲ್‌ನಿಂದ ಬಿದ್ಲು ಮಾಮ" ಅಂತೆ.