ಗುಬ್ಬಿಯಲ್ಲಿ ಸಾಯುವ ಪ್ಯಾಕೆಟ್

ಹಾಳೆಯ ಮೇಲೆ ಮೂರು ಸೊನ್ನೆ: ತುಮಕೂರು, ಗುಬ್ಬಿ, ಕುಣಿಗಲ್. ಪ್ರತಿ ಸೊನ್ನೆ ಒಂದು ರೂಟರ್, ನಡುವಿನ ಮೂರು ಗೆರೆ ಕೇಬಲ್. ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಇದನ್ನು ಬರೆದು, ‘ತಪ್ಪು ಹುಡುಕಿ ಸರ್’ ಎಂದಳು. ಪ್ರತಿ ರೂಟರ್‌ಗೆ ಕೊಟ್ಟ ಆಜ್ಞೆಗಳು ಪಕ್ಕದಲ್ಲೇ ಇದ್ದವು. ಯಾವ ಊರಿಂದ ಪಿಂಗ್ ಮಾಡಿದರೂ, ಅಂದರೆ ಪರೀಕ್ಷಾ ಸಂದೇಶ ಕಳಿಸಿದರೂ, ಉತ್ತರ ಬರುತ್ತಿತ್ತು. ನನಗೇನೂ ಕಾಣಲಿಲ್ಲ.

ಅವಳು ತುಮಕೂರು–ಕುಣಿಗಲ್ ಗೆರೆಯನ್ನು ಹೊಡೆದುಹಾಕಿದಳು. ‘ಜೆಸಿಬಿ ಕೇಬಲ್ ಕಿತ್ತಿತು ಅಂದ್ಕೊಳ್ಳಿ.’

ಈಗ ತುಮಕೂರು ರೂಟರ್ ಕುಣಿಗಲ್‌ಗೆ ಹೋಗಬೇಕಾದ ದತ್ತಾಂಶದ ತುಣುಕನ್ನು, ಅಂದರೆ ಪ್ಯಾಕೆಟನ್ನು, ಬದಲಿ ದಾರಿಯಲ್ಲಿ ಗುಬ್ಬಿಗೆ ಕಳಿಸುತ್ತದೆ. ಗುಬ್ಬಿಗೆ ಹೇಳಿಕೊಟ್ಟಿರುವುದು ಬೇರೆ: ಕುಣಿಗಲ್‌ನದ್ದೇನೇ ಇದ್ದರೂ ತುಮಕೂರಿಗೆ ಕೊಡು, ಆ ಲಿಂಕ್ ಕಡಿದರೆ ಮಾತ್ರ ನೇರ ದಾರಿ ಹಿಡಿ. ಗುಬ್ಬಿ–ತುಮಕೂರು ಲಿಂಕ್ ಚೆನ್ನಾಗಿಯೇ ಇದೆ. ಹಾಗಾಗಿ ಪ್ಯಾಕೆಟ್ ವಾಪಸ್ ತುಮಕೂರಿಗೆ. ಮತ್ತೆ ಗುಬ್ಬಿಗೆ. ಎರಡು ಮೇಜುಗಳ ನಡುವೆ ಅಲೆಯುವ ಫೈಲಿನಂತೆ!

ಪೆನ್ಸಿಲ್ ಹಿಡಿದು ನಾನೇ ಎಣಿಸಿದೆ. ಪ್ಯಾಕೆಟ್ಟಿನ ಆಯಸ್ಸು 64 ಅಂದುಕೊಳ್ಳಿ. ಪ್ರತಿ ರೂಟರ್ ಒಂದು ಕಳೆಯುತ್ತದೆ. ತುಮಕೂರಿನಲ್ಲಿ 63, ಗುಬ್ಬಿಯಲ್ಲಿ 62, ತುಮಕೂರಿನಲ್ಲಿ 61... ಬೆಸ ಸಂಖ್ಯೆಗಳೆಲ್ಲ ತುಮಕೂರಿನ ಪಾಲು, ಸಮ ಸಂಖ್ಯೆಗಳೆಲ್ಲ ಗುಬ್ಬಿಯ ಪಾಲು. ಸೊನ್ನೆಯೂ ಗುಬ್ಬಿಗೇ. ಎರಡೂ ಊರನ್ನು 32 ಸಲ ಕಂಡು, ತುಮಕೂರಿಂದ ಹೊರಟ ಪ್ಯಾಕೆಟ್ ಕುಣಿಗಲ್ ಕಾಣದೆ ಗುಬ್ಬಿಯಲ್ಲಿ ಸಾಯುತ್ತದೆ. ಈ ಲೆಕ್ಕ ಮುಗಿದಾಗ ನನಗೆ ಮೈ ಜುಮ್ಮೆಂದಿತು.

ಫಾರ್ಮಲ್ ವೆರಿಫಿಕೇಶನ್ ಅಂದರೆ ಇಂಥದ್ದನ್ನು ಕೇಬಲ್ ಕಡಿಯುವ ಮೊದಲೇ ಗಣಿತದಿಂದ ಹಿಡಿಯುವುದು. ಜಾಲದ 32 ಬಿಟ್‌ನ ವಿಳಾಸಗಳು ಸುಮಾರು 429 ಕೋಟಿ. ಒಂದೊಂದನ್ನೂ ಕಳಿಸಿ ನೋಡಲಾಗದು. ಆದರೆ ಈ ಚಿತ್ರದಲ್ಲಿ ಅವು ನಾಲ್ಕೇ ಗುಂಪು: ಮೂರು ಊರಿನವು, ಹೊರಗಿನವು. ಎಲ್ಲ ಗೆರೆ ಸರಿಯಿರುವ ಒಂದು ಸ್ಥಿತಿ, ಒಂದೊಂದು ಗೆರೆ ಕಡಿದ ಮೂರು. ಹೊರಡುವ ಊರು ಮೂರು. ಒಟ್ಟು 48 ಪ್ರಶ್ನೆ, ಅಷ್ಟೇ. ಬ್ಯಾಟ್‌ಫಿಶ್ ಎಂಬ ಮುಕ್ತ ತಂತ್ರಾಂಶ ರೂಟರ್‌ಗಳನ್ನು ಮುಟ್ಟದೆ, ಅವುಗಳ ಆಜ್ಞೆಗಳನ್ನಷ್ಟೇ ಓದಿ ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಕುಣಿಗಲ್ ರೂಟರ್‌ನಲ್ಲಿದ್ದ ಇದೇ ತಪ್ಪಿನ ಅವಳಿಯನ್ನೂ ಅದು ತೋರಿಸಿತು.

2012ರಲ್ಲಿ ಸಂಶೋಧಕರಾದ ಕಜೆಮಿಯನ್, ವರ್ಗೀಸ್, ಮೆಕ್‌ಕ್ಯೂನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾಲದ ಇಂಥ ಸುತ್ತುಗಳನ್ನೆಲ್ಲ ಹತ್ತು ನಿಮಿಷದೊಳಗೆ ಹುಡುಕಿದರು. ಅದಕ್ಕೂ ಮೊದಲೇ ತಂತ್ರಾಂಶಗಳಿಗೆ ಈ ವಿದ್ಯೆ ಹೊಂದಿಸಿದವರಲ್ಲಿ ಶ್ರೀರಾಮ್ ರಾಜಮಣಿ ಒಬ್ಬರು. ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಮುಖ್ಯಸ್ಥರಾದರು.

ಪರಿಶೀಲಿಸುವ ತಂತ್ರಾಂಶಗಳ ಮೇಲೆ ಕುರುಡು ನಂಬಿಕೆಯೂ ಸಲ್ಲದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ಸ್ತಬ್ಧವಾದವು. ತಪ್ಪು ಆಜ್ಞೆಯನ್ನು ತಡೆಯಬೇಕಿದ್ದ ಪರಿಶೀಲನಾ ತಂತ್ರಾಂಶದಲ್ಲೇ ದೋಷವಿತ್ತು.

ಹುಡುಗಿಯ ಚಿತ್ರ ಕಲಿಕೆಗೆ ಬರೆದದ್ದು. ಆದರೆ ರಾಜ್ಯದ ಜಿಲ್ಲಾ, ತಾಲ್ಲೂಕು ಕಚೇರಿಗಳನ್ನು ಜೋಡಿಸುವ ಕೆಸ್ವಾನ್ ಜಾಲ ನಿಜವಾದದ್ದು. ಪಹಣಿಗಾಗಿ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ನೆಟ್ ಇಲ್ಲ, ನಾಳೆ ಬನ್ನಿ’ ಅನ್ನುವುದು ಸಣ್ಣ ಮಾತಲ್ಲ. ಯಾವ ರಸ್ತೆ ಅಗೆಯುತ್ತಾರೆ, ಯಾವ ಲಿಂಕ್ ಪದೇ ಪದೇ ಕಡಿಯುತ್ತದೆ ಎಂಬುದು ಸ್ಥಳೀಯರಿಗೆ ಗೊತ್ತು. ಗಣಿತಕ್ಕೆ ಸರಿಯಾದ ಪ್ರಶ್ನೆ ಕೊಡಬೇಕಾದವರು ಅವರೇ.

ಲ್ಯಾಬಿನಲ್ಲಿ ಆ ಹುಡುಗಿ ಗುಬ್ಬಿ, ಕುಣಿಗಲ್ ಎರಡಕ್ಕೂ ‘ಮೊದಲು ನೇರ ದಾರಿ, ಅದು ಕಡಿದರೆ ತುಮಕೂರು’ ಎಂದು ತಿದ್ದಿದಳು. 48ಕ್ಕೂ ಸರಿಯುತ್ತರ ಬಂತು. ‘ಕುಣಿಗಲ್‌ನ ಎರಡೂ ಗೆರೆ ಕಡಿದರೆ?’ ಎಂದೆ. ಪೆನ್ಸಿಲ್ ತುಮಕೂರಿಂದ ಗುಬ್ಬಿಗೆ ಹೋಯಿತು, ಗುಬ್ಬಿಯಿಂದ ಮತ್ತೆ ತುಮಕೂರಿಗೆ ಬಂತು. ಅವಳು ಹೊಸ ಹಾಳೆ ತೆಗೆದಳು.